ಎರಡಿಂಚು ಪೈಪಿಗೆ ಎರಡಿಂಚು ಎಲ್ಬೋ ಕೂರುತ್ತಿಲ್ಲ, ಅಳತೆ ಹೇಗೆ ತೆಗೆಯುವುದು?

ಅಬ್ಬಿನೀರು, ಶಿರಸಿ

ಬೆಟ್ಟದ ಅಬ್ಬಿ ನೀರು ಟಾಂಕಿಗೆ ಬಿದ್ದು, ಅಲ್ಲಿಂದ ಪೈಪಿನಲ್ಲಿ ತೋಟ ದಾಟಿ ಮನೆಗೆ ಬರುತ್ತದೆ. ಪಂಪಿಲ್ಲ. ಟಾಂಕಿಗೂ ಮನೆ ಹತ್ತಿರದ ವಾಲ್ವಿಗೂ ಎತ್ತರದಲ್ಲಿ 35 ಮೀಟರ್ ವ್ಯತ್ಯಾಸ, ಪೈಪಿನ ಒಟ್ಟು ಉದ್ದ 240 ಮೀಟರ್. ಮೇಲಿನ 60 ಮೀಟರ್ ಕಪ್ಪು ಪೈಪು, ಆಮೇಲೆ ಬೂದು ಬಣ್ಣದ ಪಿ.ವಿ.ಸಿ., ಅದರ ಮೇಲೆ 6 ಕೆ.ಜಿ. (ತಡೆಯುವ ಒತ್ತಡ) ಎಂದು ಅಚ್ಚಿದೆ. ಕೊನೆಗೆ ಅಂಗಳದ ಮೂಲೆಯಲ್ಲಿ ಹಳೇ ಜಿ.ಐ. (ಸತು ಲೇಪದ ಕಬ್ಬಿಣ) ತುಂಡು. ಮೂರನ್ನೂ ಎಲ್ಲರೂ ಎರಡಿಂಚು ಎಂದೇ ಕರೆಯುವುದು.

ಧರೆಯ (ಕಡಿದಾದ ಮಣ್ಣಿನ ದಿಣ್ಣೆಯ) ಬುಡದಲ್ಲಿರುವ ಎಲ್ಬೋ, ಅಂದರೆ ಪೈಪನ್ನು ತಿರುಗಿಸುವ ತುಂಡು, ಎರಡನೇ ಸಲ ಒಡೆದಿದೆ. ಹೊಸದಾಗಿ ತಂದ ಎರಡಿಂಚಿನ ಎಲ್ಬೋ ಬೂದು ಪೈಪಿನ ಬಾಯಿಗೆ ತಾಗಿ ನಿಲ್ಲುತ್ತದೆ, ಒಳಗೆ ಹೋಗುವುದೇ ಇಲ್ಲ. ಅಂಗಡಿಗೆ ಪೈಪು ಹೊತ್ತೊಯ್ಯದೆ ಸರಿಯಾದ ಅಳತೆ ಹೇಳುವುದು ಹೇಗೆ? ಧರೆಯ ಇಳಿಜಾರು 90 ಡಿಗ್ರಿಯೂ ಅಲ್ಲ, 45 ಹೌದೋ ಅಲ್ಲವೋ ಗೊತ್ತಿಲ್ಲ. ಇನ್ನೊಂದು, ಎರಡು ಎಲ್ಬೋ ನಡುವಿನ ತುಂಡು ಎಷ್ಟು ಕೊಯ್ದರೂ ಒಂದೋ ಉದ್ದ, ಇಲ್ಲವೇ ಗಿಡ್ಡ ಆಗುತ್ತದೆ. ಲೆಕ್ಕ ಬಲ್ಲವರು ಹೇಳಿ.


ಹಳೇ ಪಾನಾ, ಶಿರಸಿ

ಮೊದಲು ಇಂಚಿನ ಮಾತು ಬಿಡಿ. ಇಂಚು ಅಂಗಡಿಯಲ್ಲಿ ಓಡಾಡುವ ಹೆಸರು ಅಷ್ಟೇ, ಯಾವ ಪೈಪಿನ ಮೇಲೆ ಅಳೆದರೂ ಆ ಅಂಕಿ ಸಿಗುವುದಿಲ್ಲ. ಎಲ್ಬೋ ಕೂರುವುದು ಪೈಪಿನ ಹೊರಮೈ ಮೇಲೆ, ಹಾಗಾಗಿ ಬೇಕಾದದ್ದು ಹೊರಗಿನ ವ್ಯಾಸ, ಮಿಲಿಮೀಟರಿನಲ್ಲಿ.

ವ್ಯಾಸ ಅಳೆಯುವ ವರ್ನಿಯರ್ ಇಲ್ಲದಿದ್ದರೆ ದರ್ಜಿ ಟೇಪು ಸಾಕು. ಅದೂ ಇಲ್ಲದಿದ್ದರೆ ಎರಡು ಬೆರಳಗಲ ಕಾಗದದ ಪಟ್ಟಿಯನ್ನು ಪೈಪಿಗೆ ಬಿಗಿಯಾಗಿ ಸುತ್ತಿ, ಒಂದರ ಮೇಲೊಂದು ಬಂದ ಕಡೆ ಬ್ಲೇಡಿನಿಂದ ಗೀರಿ, ಬಿಡಿಸಿ ಸ್ಕೇಲಿನಲ್ಲಿ ಅಳೆಯಿರಿ. ದಾರ ಬೇಡ, ಎಳೆದರೆ ಉದ್ದವಾಗುತ್ತದೆ. ಬಂದ ಸುತ್ತಳತೆಯನ್ನು 3.14ರಿಂದ ಭಾಗಿಸಿದರೆ ವ್ಯಾಸ. ಪೈಪಿನ ತುದಿಯಲ್ಲಿ ಅಳೆಯಬೇಡಿ. ಬೆಂಕಿಗೆ ಕಾಯಿಸಿ ಬಾಯಿ ಅಗಲಿಸಿದ ಜಾಗವಾದರೆ ಲೆಕ್ಕವೇ ತಪ್ಪುತ್ತದೆ. ತುದಿಯಿಂದ ಒಂದು ಗೇಣು ಒಳಗೆ ಹಿಡಿಯಿರಿ.

ತೋಟಕ್ಕೆ ಬಳಸುವ ಬೂದು ಪಿ.ವಿ.ಸಿ., ಅಂದರೆ ಐ.ಎಸ್. 4985 (ಭಾರತೀಯ ಮಾನಕದ ಸಂಖ್ಯೆ) ಎಂದು ಅಚ್ಚಿರುವ ಪೈಪಿನ ಸುತ್ತಳತೆ ಹೀಗೆ ಬರಬೇಕು:

ಮುಕ್ಕಾಲಿಂಚು ಎನ್ನುವುದು 25 ಎಂ.ಎಂ., ಸುತ್ತಳತೆ 78.5
ಒಂದಿಂಚು 32 ಎಂ.ಎಂ., 100.5
ಒಂದೂಕಾಲು 40 ಎಂ.ಎಂ., 125.5
ಒಂದೂವರೆ 50 ಎಂ.ಎಂ., 157
ಎರಡು 63 ಎಂ.ಎಂ., 198
ಎರಡೂವರೆ 75 ಎಂ.ಎಂ., 235.5
ಮೂರು 90 ಎಂ.ಎಂ., 282.5

ನಿಮ್ಮ ಬೂದು ಪೈಪಿಗೆ 198 ಬಂದರೆ ಅದು 63. ಬಾಯಿಗೇ ತಾಗಿ ನಿಂತ ಎಲ್ಬೋ ಮನೆ ಪ್ಲಂಬಿಂಗಿನ ಯು.ಪಿ.ವಿ.ಸಿ. ಶೆಡ್ಯೂಲ್ 40ದ್ದು ಇರಬೇಕು. ಅದರ ಎರಡಿಂಚು ಅಂದರೆ 60.3 ಎಂ.ಎಂ. 63ರ ಪೈಪು ಅದರೊಳಗೆ ಹೋಗುವ ಪ್ರಶ್ನೆಯೇ ಇಲ್ಲ. ಅರದಿಂದ ಉಜ್ಜಿ ತೂರಿಸುವವರೂ ಇದ್ದಾರೆ. ಹೋಗುವುದೇನೋ ಹೋಗುತ್ತದೆ, ಆದರೆ 2.2 ಎಂ.ಎಂ. ದಪ್ಪದ ಪೈಪಿನಲ್ಲಿ ಸುತ್ತಲೂ 1.3 ಎಂ.ಎಂ. ಉಜ್ಜಿದರೆ ಉಳಿಯುವುದೆಷ್ಟು?

ಇದರಲ್ಲಿ ಇನ್ನೊಂದು ತಮಾಷೆ ಇದೆ. ಒಂದೂಕಾಲು ಇಂಚಿನವರೆಗೆ ಪ್ಲಂಬಿಂಗಿನದು ತೋಟದ ಪೈಪಿಗಿಂತ ದಪ್ಪ: ಅರ್ಧ 21.3, ಮುಕ್ಕಾಲು 26.7, ಒಂದು 33.4, ಒಂದೂಕಾಲು 42.2. ಒಂದೂವರೆಯಿಂದ ಮೂರರವರೆಗೆ ಉಲ್ಟಾ, ತೋಟದ್ದೇ ದಪ್ಪ. ಅದಕ್ಕೇ ದೊಡ್ಡ ಅಳತೆಯಲ್ಲಿ ತಪ್ಪು ಎಲ್ಬೋ ತಂದರೆ ಅಲ್ಲೇ ಗೊತ್ತಾಗುತ್ತದೆ. ಸಣ್ಣದರಲ್ಲಿ ಗೊತ್ತಾಗುವುದಿಲ್ಲ. 32ರ ಪೈಪು 33.4ರ ಎಲ್ಬೋದಲ್ಲಿ ಸಲೀಸಾಗಿ ಇಳಿಯುತ್ತದೆ, ಗಮ್ ಹಚ್ಚಿದರೆ ಹಿಡಿದ ಹಾಗೂ ಕಾಣುತ್ತದೆ, ವಾರ ಬಿಟ್ಟು ಜಿನುಗಲು ಶುರು. ಗಮ್ ಇರುವುದು ಎರಡು ಮೈಗಳನ್ನು ಕರಗಿಸಿ ಒಂದು ಮಾಡಲಿಕ್ಕೆ, ಸಂದು ತುಂಬಲಿಕ್ಕೆ ಅಲ್ಲ.

ಸರಿಯಾದ ಜೋಡಿಯ ಗುರುತು ಇದು: ಗಮ್ ಇಲ್ಲದೆ ಒಣದರಲ್ಲೇ ತಳ್ಳಿದಾಗ ಪೈಪು ಸಾಕೆಟ್ಟಿನ (ಎಲ್ಬೋದಲ್ಲಿ ಪೈಪು ಕೂರುವ ಬಾಯಿಯ) ಆಳದ ಮೂರನೇ ಒಂದು ಭಾಗದಿಂದ ಮೂರನೇ ಎರಡು ಭಾಗದ ನಡುವೆ ಎಲ್ಲೋ ಬಿಗಿಯಬೇಕು. ತಳ ಮುಟ್ಟುವವರೆಗೆ ಸಡಿಲವಾಗಿ ಹೋದರೆ ಆ ಎಲ್ಬೋ ಬೇಡ.

ಮೇಲಿನ ಕಪ್ಪು ಪೈಪು ಎಚ್.ಡಿ.ಪಿ.ಇ. (ಗಟ್ಟಿ ಪಾಲಿಥೀನ್) ಆಗಿದ್ದರೆ ಅದರ ಹೊರವ್ಯಾಸವೂ 63. ಬೂದು ಎಲ್ಬೋದಲ್ಲಿ ಚೆನ್ನಾಗಿ ಕೂರುತ್ತದೆ, ಮೋಸ ಹೋಗುವುದು ಅಲ್ಲೇ. ಅದಕ್ಕೆ ಯಾವ ಗಮ್ಮೂ ಹಿಡಿಯುವುದಿಲ್ಲ. ನಟ್ಟು ತಿರುಗಿಸಿ ಬಿಗಿಯುವ ಕಂಪ್ರೆಶನ್ ಎಲ್ಬೋ ಬೇಕು, ಇಲ್ಲವೇ ಮೆಷಿನ್ನಿನಲ್ಲಿ ಕಾಯಿಸಿ ಬೆಸೆಯಬೇಕು. ಜಾಗ ಇದ್ದರೆ ಎಲ್ಬೋನೇ ಬೇಡ. ವ್ಯಾಸದ 25 ಪಟ್ಟು, ಅಂದರೆ ಸುಮಾರು 1.6 ಮೀಟರ್ ತ್ರಿಜ್ಯದಲ್ಲಿ ಆ ಪೈಪನ್ನೇ ಬಾಗಿಸಿ ತಿರುಗಿಸಬಹುದು.


ಕಾಳಿಕಡೆ, ಕಾರವಾರ

ಮೇಲಿನವರು ಹೇಳಿದ್ದಕ್ಕೆ ಒಂದು ಸೇರಿಸಬೇಕು. ಅಂಗಡಿಯಲ್ಲಿ ಮಿಲಿಮೀಟರ್ ಹೇಳಿದರೂ ಪಾರಾಗುವುದಿಲ್ಲ. ತೋಟದ ಪಿ.ವಿ.ಸಿ.ಯಲ್ಲಿ 20 ಎಂ.ಎಂ. ಅಂದರೆ ನಿಜಕ್ಕೂ ಹೊರವ್ಯಾಸ 20, ಹೆಸರು ಅರ್ಧ ಇಂಚು. ಬಚ್ಚಲಿನ ಬಿಸಿನೀರಿಗೆ ಹಾಕುವ ಸಿ.ಪಿ.ವಿ.ಸಿ.ಯ ಡಬ್ಬಿಯ ಮೇಲೆ 20 ಎಂ.ಎಂ. ಎಂದಿದ್ದರೆ ಅದು ಮುಕ್ಕಾಲಿಂಚು, ಹೊರವ್ಯಾಸ 22.2. ಸಿ.ಪಿ.ವಿ.ಸಿ.ಯ ಅರ್ಧ ಇಂಚು 15.9, ಒಂದಿಂಚು 28.6. ಹಾಗಾಗಿ ಅಂಗಡಿಯಲ್ಲಿ ಮೂರನ್ನೂ ಸೇರಿಸಿ ಹೇಳಿ: ಯಾವ ಜಾತಿ, ಹೊರವ್ಯಾಸ ಎಷ್ಟು, ಎಷ್ಟು ಕೆ.ಜಿ. ಪೈಪಿನ ಮೈ ಮೇಲೆ ಐ.ಎಸ್. 4985, ಐ.ಎಸ್. 15778 ಅಥವಾ ಎ.ಎಸ್.ಟಿ.ಎಂ. ಡಿ 1785 ಎಂದು ಅಚ್ಚಿರುತ್ತದೆ. ಅದರ ಫೋಟೋ ಹೊಡೆದುಕೊಂಡು ಹೋದರೆ ಅರ್ಧ ಕೆಲಸ ಮುಗೀತು. ಮೊದಲನೆಯದು ತೋಟದ್ದು, ಎರಡನೆಯದು ಸಿ.ಪಿ.ವಿ.ಸಿ., ಮೂರನೆಯದು ಶೆಡ್ಯೂಲ್ ಪೈಪು.

ನಿಮ್ಮ ಜಿ.ಐ. ತುಂಡಿನ ವಿಷಯ. ಎರಡಿಂಚಿನ ಜಿ.ಐ. ಹೊರವ್ಯಾಸ 60.3, ಸುತ್ತಳತೆ 189. ಅದಕ್ಕೆ ಗಮ್ಮಿನ ಎಲ್ಬೋ ನೇರ ಕೂರಿಸಲು ಹೋಗಬೇಡಿ. ಜಿ.ಐ. ತುದಿಗೆ ಕಬ್ಬಿಣದ್ದೇ ಸಾಕೆಟ್ ಹಾಕಿ, ಅದರೊಳಗೆ 63ರ ಪಿ.ವಿ.ಸಿ. ಎಂ.ಟಿ.ಎ., ಅಂದರೆ ಹೊರಗಡೆ ಥ್ರೆಡ್ ಇರುವ ತುಂಡು ತಿರುಗಿಸಿ, ಅದಕ್ಕೆ ಎಲ್ಬೋ. ಪ್ಲಾಸ್ಟಿಕ್ಕಿನ ಥ್ರೆಡ್ ಕಬ್ಬಿಣದೊಳಗೆ ಹೋಗಬೇಕು. ಕಬ್ಬಿಣದ ಥ್ರೆಡ್ಡನ್ನು ಬರೀ ಪ್ಲಾಸ್ಟಿಕ್ಕಿನೊಳಗೆ ತಿರುಗಿಸಿದರೆ ಆಪಿನ ಹಾಗೆ ಕೆಲಸ ಮಾಡಿ ಎಲ್ಬೋ ಉದ್ದಕ್ಕೆ ಸೀಳುತ್ತದೆ. ಆ ದಿನವೇ ಸೀಳಬೇಕೆಂದಿಲ್ಲ, ಆರು ತಿಂಗಳು ಬಿಟ್ಟಾದರೂ ಸೀಳೀತು. ನಲ್ಲಿ ಕೂರಿಸುವ ಕಡೆ ಹಿತ್ತಾಳೆ ಇನ್ಸರ್ಟ್ ಇರುವ ಎಲ್ಬೋ ಕೇಳುವುದು ಇದೇ ಕಾರಣಕ್ಕೆ.

ಟೆಫ್ಲಾನ್ ಟೇಪು ಥ್ರೆಡ್ ತಿರುಗುವ ದಿಕ್ಕಿಗೇ ಸುತ್ತಿ. ಕೈಯಲ್ಲಿ ಬಿಗಿ ಆದ ಮೇಲೆ ಪಾನಾದಲ್ಲಿ ಒಂದು, ಹೆಚ್ಚೆಂದರೆ ಒಂದೂವರೆ ಸುತ್ತು. ಇನ್ನೂ ಸೋರಿದರೆ ಬಿಚ್ಚಿ ಹೊಸ ಟೇಪು ಸುತ್ತಬೇಕು, ಮತ್ತೆ ಮತ್ತೆ ಬಿಗಿಯುತ್ತಾ ಹೋಗಬಾರದು.

ಕಾರವಾರ, ಅಂಕೋಲೆ ಕಡೆ ಕಡಲಿಗೆ ಹತ್ತಿರ ಇರುವವರಿಗೆ: ಜಿ.ಐ. ಎಲ್ಬೋ ಹೊಸದಾಗಿ ಹಾಕಲೇಬೇಡಿ. ಥ್ರೆಡ್ ಕೊರೆದ ಜಾಗದಲ್ಲಿ ಸತುವಿನ ಲೇಪ ಹೋಗಿರುತ್ತದೆ, ಲೋಹವೂ ಅಲ್ಲೇ ತೆಳು. ಉಪ್ಪುಗಾಳಿ ಮೊದಲು ತಿನ್ನುವುದು ಅದನ್ನೇ. ಹೊರಗೋಡೆಯ ಪಿ.ವಿ.ಸಿ. ಎಲ್ಬೋಗಳಿಗೆ ಉಪ್ಪಿನಿಂದ ಏನೂ ಆಗುವುದಿಲ್ಲ, ಬಿಸಿಲಿನಿಂದ ಆಗುತ್ತದೆ. ತಿಳಿ ಬಣ್ಣದ ನೀರಿನ ಪೇಂಟು ಒಂದು ಕೈ ಹೊಡೆದಿಡಿ. ಥಿನ್ನರ್ ಹಾಕುವ ಪೇಂಟು ಬೇಡ.


ದಾರ-ಗುಂಡು, ಯಲ್ಲಾಪುರ

ಕೋನಕ್ಕೆ ಬರೋಣ. ಎಲ್ಬೋ ಮೇಲೆ ಬರೆದ 45 ಅಥವಾ 90 ಅಂದರೆ ನೀರು ಎಷ್ಟು ತಿರುಗುತ್ತದೆ ಎಂಬುದು, ಎರಡು ಪೈಪುಗಳ ನಡುವಿನ ಕೋನವಲ್ಲ. 45ರ ಎಲ್ಬೋದಲ್ಲಿ ಎರಡು ಪೈಪುಗಳ ನಡುವೆ 135 ಡಿಗ್ರಿ ಇರುತ್ತದೆ. ಇದು ತಲೆಕೆಳಗಾಗಿಯೇ ಸುಮಾರು ಜನ ತಪ್ಪು ತರುವುದು.

ಕೋನಮಾಪಕ ಬೇಡ, ಟೇಪು ಸಾಕು. ಇಳಿಜಾರಿನ ಪೈಪಿನ ಸಾಲಿಗೆ ಒಂದು ದಾರ, ಸಮತಟ್ಟಿನ ಸಾಲಿಗೆ ಒಂದು ದಾರ ಎಳೆದು ಎರಡೂ ಕೂಡುವ ಜಾಗಕ್ಕೆ ಗೂಟ ಹೊಡೆಯಿರಿ. ಗೂಟದಿಂದ ಎರಡೂ ದಾರದ ಮೇಲೆ ಸರಿಯಾಗಿ 100 ಸೆಂ.ಮೀ.ಗೆ ಗುರುತು ಹಾಕಿ. ಆ ಎರಡು ಗುರುತುಗಳ ನಡುವೆ ನೇರ ಅಳೆಯಿರಿ. 141.5 ಸೆಂ.ಮೀ. ಬಂದರೆ 90ರ ಎಲ್ಬೋ. 173 ಬಂದರೆ 60 ಡಿಗ್ರಿ ತಿರುವು, 185 ಬಂದರೆ 45, 193 ಬಂದರೆ 30, 196 ಬಂದರೆ ಇಪ್ಪತ್ತೆರಡೂವರೆ. 199ರ ಮೇಲೆ ಬಂದರೆ ಎಲ್ಬೋ ಬೇಡವೇ ಬೇಡ, ಆರು ಮೀಟರಿನ ಪೈಪು ತಾನೇ ಅಷ್ಟು ಬಾಗಿಕೊಳ್ಳುತ್ತದೆ.

ಕೊಯ್ಯುವ ಲೆಕ್ಕ. ಎಲ್ಬೋದಲ್ಲಿ ಎರಡು ಅಳತೆ ನೋಡಿಕೊಳ್ಳಬೇಕು: ಬಾಯಿಯಿಂದ ತಿರುವಿನ ನಡುಗೆರೆಯವರೆಗೆ ಎಷ್ಟು, ಸಾಕೆಟ್ಟಿನ ಆಳ ಎಷ್ಟು. ಮೊದಲನೆಯದರಲ್ಲಿ ಎರಡನೆಯದನ್ನು ಕಳೆದರೆ ಪೈಪು ತಲುಪದೇ ಉಳಿಯುವ ಜಾಗ. 63ರ 90 ಡಿಗ್ರಿ ಎಲ್ಬೋದಲ್ಲಿ ಸಾಕೆಟ್ಟಿನ ಆಳ 37.5 ಎಂ.ಎಂ., ತಲುಪದ ಜಾಗ 32.5ರ ಆಸುಪಾಸು. 45 ಡಿಗ್ರಿಯದರಲ್ಲಿ ತಲುಪದ ಜಾಗ 14ರಷ್ಟು. ತಯಾರಕರಿಂದ ತಯಾರಕರಿಗೆ ಒಂದೆರಡು ಎಂ.ಎಂ. ಹೆಚ್ಚುಕಡಿಮೆ ಆಗುತ್ತದೆ, ಕೈಯಲ್ಲಿರುವುದನ್ನೇ ಅಳೆಯಿರಿ.

ಈಗ ಎರಡು 90ರ ಎಲ್ಬೋಗಳ ನಡುಗೆರೆಯಿಂದ ನಡುಗೆರೆಗೆ ಒಂದು ಮೀಟರ್ ಬೇಕು ಅಂದುಕೊಳ್ಳಿ. 1000ದಲ್ಲಿ 65 ಕಳೆದು 935 ಎಂ.ಎಂ. ಕೊಯ್ಯಬೇಕು. ಬಾಯಿಯಿಂದ ಬಾಯಿಗೆ ಅಳೆದು ಅಷ್ಟೇ ಕೊಯ್ದರೆ 75 ಎಂ.ಎಂ. ಗಿಡ್ಡ, ನಡುಗೆರೆಯ ಅಳತೆಗೇ ಕೊಯ್ದರೆ 65 ಉದ್ದ. ನಿಮ್ಮ ತಂಟೆ ಇದೇ ಇರಬೇಕು. ಕಲ್ಲು, ಮರದ ಬೇರು ತಪ್ಪಿಸಲು ಎರಡು 45 ಹಾಕಿ ಪಕ್ಕಕ್ಕೆ ಸರಿಸುವುದಾದರೆ, ಎಷ್ಟು ಸರಿಯಬೇಕೋ ಅದನ್ನು 1.414ರಿಂದ ಗುಣಿಸಿ. 30 ಸೆಂ.ಮೀ. ಸರಿಸಲು ನಡುಗೆರೆಗಳ ನಡುವೆ 42.4, ಅದರಲ್ಲಿ 2.8 ಕಳೆದು 39.6 ಸೆಂ.ಮೀ. ತುಂಡು.

ಕೊಯ್ಯುವಾಗ ಪೈಪಿನ ಸುತ್ತ ಕಾಗದ ಸುತ್ತಿ ಅಂಚಿಗೆ ಗೆರೆ ಎಳೆದುಕೊಳ್ಳಿ, ಹ್ಯಾಕ್ಸಾ ಓರೆ ಹೋಗುವುದಿಲ್ಲ. ಓರೆ ಕೊಯ್ದ ತುದಿ ಒಂದು ಬದಿಯಲ್ಲಿ ತಳ ಮುಟ್ಟಿ ಇನ್ನೊಂದು ಬದಿಯಲ್ಲಿ ಅರ್ಧಕ್ಕೇ ನಿಲ್ಲುತ್ತದೆ.


ಅಬ್ಬಿನೀರು, ಶಿರಸಿ

ಅಳೆದೆ. ಬೂದು ಪೈಪು 198, ಹಾಗಾದರೆ 63. ದಾರ ಕಟ್ಟಿ ನೋಡಿದರೆ ಧರೆಯ ಬುಡದಲ್ಲಿ 176 ಸೆಂ.ಮೀ., ಧರೆಯ ನೆತ್ತಿಯಲ್ಲಿ 187. ಎರಡೂ ನಿಮ್ಮ ಪಟ್ಟಿಯಲ್ಲಿಲ್ಲ! ಬುಡದಲ್ಲಿ ಇದ್ದದ್ದು 90ರ ಎಲ್ಬೋ. ಪೈಪನ್ನು ಎಳೆದು ಬಗ್ಗಿಸಿ ಕೂರಿಸಿದ್ದರು ಕಾಣುತ್ತದೆ.


ಮೀನುಗಾಳಿ, ಕುಮಟಾ

ಇಷ್ಟೆಲ್ಲ ಯಾಕೆ ಮಾರಾಯ್ರೆ, ಒಣ ತೆಂಗಿನ ಗರಿಗೆ ಬೆಂಕಿ ಹಾಕಿ ಪೈಪು ಕಾಯಿಸಿದರೆ ಯಾವ ಕೋನಕ್ಕೆ ಬೇಕಾದರೂ ಬಗ್ಗುತ್ತದೆ. ಎಲ್ಬೋ ದುಡ್ಡೂ ಉಳೀತು.


ದಾರ-ಗುಂಡು, ಯಲ್ಲಾಪುರ

ಕಾದಿಗೆಗೆ (ತೋಟದ ಕಾಲುವೆಗೆ) ನೀರು ಬಿಡುವ ಬಾಯಿಗೆ, ಒತ್ತಡವೇ ಇಲ್ಲದ ಕಡೆ ಮಾಡಿ, ಅಡ್ಡಿಯಿಲ್ಲ. 35 ಮೀಟರ್ ಎತ್ತರದ ನೀರು ನಿಲ್ಲುವ ಬುಡದಲ್ಲಿ ಬೇಡ. 63ರ ಪೈಪನ್ನು 20 ಸೆಂ.ಮೀ. ತ್ರಿಜ್ಯದಲ್ಲಿ ಬಗ್ಗಿಸಿದರೆ ಹೊರಬದಿ ನೂರಕ್ಕೆ 16ರಷ್ಟು ಹಿಗ್ಗಬೇಕು, ಅಷ್ಟೇ ತೆಳುವಾಗುತ್ತದೆ. ಒಳಬದಿ ಮಡಚುತ್ತದೆ. ಮೇಲಾಗಿ ಗರಿಯ ಬೆಂಕಿ ಒಂದೇ ಸಮ ಇರುವುದಿಲ್ಲ. ಕಂದಿದ ಕಡೆ ಪ್ಲಾಸ್ಟಿಕ್ಕು ಸತ್ತ ಹಾಗೇ.

ಅಬ್ಬಿನೀರು ಅವರೇ, 187 ಅಂದರೆ 41 ಡಿಗ್ರಿ ಚಿಲ್ಲರೆ. ಅಲ್ಲಿ 45ರ ಎಲ್ಬೋ ಹಾಕಿ. ಮೂರೂವರೆ ಡಿಗ್ರಿಯ ವ್ಯತ್ಯಾಸ ಪೈಪಿನ ಉದ್ದದಲ್ಲೇ ತೀರುತ್ತದೆ, ಎಲ್ಬೋದಿಂದ ಒಂದು ಮೀಟರ್ ದೂರದವರೆಗೆ ಮಾತ್ರ ಪೈಪು ನೇರ ಇರಲಿ. ಬುಡದ 176 ಅಂದರೆ ಸುಮಾರು 57 ಡಿಗ್ರಿ. ಅಲ್ಲಿ 90 ಹಾಕಿ 33 ಡಿಗ್ರಿ ಎಳೆದು ಕೂರಿಸಿದರೆ ಒಡೆಯದೆ ಇನ್ನೇನು?

ಅಲ್ಲಿಗೆ ಎರಡು 45ರ ಎಲ್ಬೋ ಹಾಕಿ, ನಡುವೆ 8 ಸೆಂ.ಮೀ. ಪೈಪಿನ ತುಂಡು. ಎರಡೂ ಒಂದೇ ಕಡೆಗೆ ಬಾಗಿದರೆ 90 ಡಿಗ್ರಿ, ಒಂದನ್ನು ಪೂರ್ತಿ ಎದುರು ದಿಕ್ಕಿಗೆ ತಿರುಗಿಸಿದರೆ ಸೊನ್ನೆ. ನಡುವೆ ಯಾವ ಕೋನವೂ ಸಿಗುತ್ತದೆ. ಒಂದನ್ನು ಕಾಲು ಸುತ್ತು ತಿರುಗಿಸಿದರೆ ಸರಿಯಾಗಿ 60, ಇನ್ನೊಂಚೂರು ತಿರುಗಿಸಿದರೆ ನಿಮ್ಮ 57. ಪೈಪಿನ ಸಾಲು ಸ್ವಲ್ಪ ಪಕ್ಕಕ್ಕೆ ಸರಿಯುತ್ತದೆ, ಅಷ್ಟಕ್ಕೆ ಜಾಗ ಬಿಡಿ. ಗಮ್ ಹಚ್ಚುವ ಮೊದಲು ಒಣದರಲ್ಲಿ ಕೂರಿಸಿ, ಎಲ್ಬೋದಿಂದ ಪೈಪಿಗೆ ಹಾಯುವಂತೆ ಮಾರ್ಕರಿನಲ್ಲಿ ಒಂದು ಗೆರೆ ಎಳೆದಿಡಿ. ಗಮ್ ಹಚ್ಚಿದ ಮೇಲೆ ಕೋನ ಹುಡುಕಲು ಸಮಯ ಸಿಗುವುದಿಲ್ಲ.


ಗೇಟ್‌ವಾಲ್ವ್, ಸಿದ್ದಾಪುರ

ಅಳತೆ ಸರಿಯಾಯಿತು, ಈಗ ಒಡೆದದ್ದು ಯಾಕೆ ಎಂಬುದು. ಕೋನ ತಪ್ಪಿದ್ದು ಒಂದು ಕಾರಣ ಇರಬಹುದು, ಅದೊಂದೇ ಅಲ್ಲ.

10 ಮೀಟರ್ ಎತ್ತರಕ್ಕೆ ಸುಮಾರು 1 ಕೆ.ಜಿ. ಒತ್ತಡ. 35 ಮೀಟರಿಗೆ ವಾಲ್ವ್ ಮುಚ್ಚಿದಾಗ ಮೂರೂವರೆ ಕೆ.ಜಿ. ನಿಂತಿರುತ್ತದೆ. 6 ಕೆ.ಜಿ. ಪೈಪಿಗೆ ಅದು ಹೊರೆಯಲ್ಲ. ಆದರೆ ಕೆಳಗೆ ಬಾಲ್ ವಾಲ್ವ್ ಇದ್ದು ಅದನ್ನು ಟಪ್ಪೆಂದು ಮುಚ್ಚುವ ರೂಢಿಯಿದ್ದರೆ ಲೆಕ್ಕ ಬೇರೆ. ಓಡುವ ನೀರು ಒಮ್ಮೆಗೇ ನಿಂತಾಗ ಒತ್ತಡದ ಅಲೆ ಪೈಪಿನಲ್ಲಿ ಹಿಂದಕ್ಕೆ ಓಡುತ್ತದೆ. ಈ ದಪ್ಪದ ಪಿ.ವಿ.ಸಿ.ಯಲ್ಲಿ ಅದರ ವೇಗ ಸೆಕೆಂಡಿಗೆ ಸುಮಾರು 330 ಮೀಟರ್. 240 ಮೀಟರ್ ಹೋಗಿ ಬರಲು ಒಂದೂವರೆ ಸೆಕೆಂಡು. ಅದಕ್ಕಿಂತ ಬೇಗ ವಾಲ್ವ್ ಮುಚ್ಚಿದರೆ ಏಟು ಪೂರ್ತಿ ಬೀಳುತ್ತದೆ. ನೀರಿನ ವೇಗ ಸೆಕೆಂಡಿಗೆ ಒಂದು ಮೀಟರ್ ಇದ್ದರೆ ಏಟು ಸುಮಾರು 3.4 ಕೆ.ಜಿ.

ವೇಗ ಗೊತ್ತಾಗಲು ಬಕೆಟ್ ಇಡಿ. 15 ಲೀಟರಿನದು ಐದೂವರೆ ಸೆಕೆಂಡಿಗೆ ತುಂಬಿದರೆ ಸೆಕೆಂಡಿಗೆ ಒಂದು ಮೀಟರ್. ಎರಡೇ ಸೆಕೆಂಡಿಗೆ ತುಂಬಿದರೆ 2.8 ಮೀಟರ್, ಆಗ ಏಟೊಂದೇ 9 ಕೆ.ಜಿ. ದಾಟುತ್ತದೆ. ಮಳೆಗಾಲದಲ್ಲಿ ಟಾಂಕಿ ತುಂಬಿ ತುಳುಕುವಾಗ ಈ ಇಳಿಜಾರಿಗೆ ಅಷ್ಟು ಬರುವುದು ದೊಡ್ಡದಲ್ಲ. ಬಾಲ್ ವಾಲ್ವ್ ತೆಗೆದು ಸುತ್ತು ತಿರುಗಿಸುವ ಗೇಟ್ ವಾಲ್ವ್ ಹಾಕಿ, ಮುಚ್ಚಲು 15 ಸೆಕೆಂಡಾದರೂ ತೆಗೆದುಕೊಳ್ಳಿ. ಕೊನೆಯ ಎರಡು ಸುತ್ತು ಇನ್ನೂ ನಿಧಾನ, ನೀರು ನಿಜವಾಗಿ ತಡೆಯುವುದು ಅಲ್ಲೇ. ಎಲ್ಬೋ ಮಾತ್ರ 10 ಕೆ.ಜಿ.ಯದೇ ತನ್ನಿ, ಬೆಲೆಯ ವ್ಯತ್ಯಾಸ ನೋಡಬೇಡಿ. ಕೊಳಚೆಗೆ ಹಾಕುವ ಎಸ್.ಡಬ್ಲ್ಯೂ.ಆರ್. ಬೆಂಡೂ 75, 110ರಲ್ಲಿ ಇದೇ ಬೂದು ಬಣ್ಣದಲ್ಲಿ ಸಿಗುತ್ತದೆ, ಪೈಪಿಗೂ ಕೂರುತ್ತದೆ. ಅದು ಒತ್ತಡಕ್ಕೆ ಅಲ್ಲವೇ ಅಲ್ಲ.

ಇನ್ನು ನೀರಿನ ತಳ್ಳುವಿಕೆ. ತಿರುವಿನಲ್ಲಿ ನೀರು ಎಲ್ಬೋವನ್ನು ಹೊರಬದಿಗೆ ದೂಡುತ್ತದೆ. 63ರಲ್ಲಿ ಮೂರೂವರೆ ಕೆ.ಜಿ. ಒತ್ತಡಕ್ಕೆ 90ರ ಎಲ್ಬೋ ಮೇಲೆ 154 ಕೆ.ಜಿ. ತೂಕದಷ್ಟು, ಮೂರು ಚೀಲ ಸಿಮೆಂಟಿನ ಭಾರ. 45ರಲ್ಲಿ 84. ಬುಡದ ಎಲ್ಬೋ ಕೆಳಕ್ಕೂ ಹಿಂದಕ್ಕೆ ಧರೆಯ ಕಡೆಗೂ ದೂಡಿಸಿಕೊಳ್ಳುತ್ತದೆ, ಗಟ್ಟಿ ಚಿರೆಮಣ್ಣು ಇದ್ದರೆ ಅದೇ ತಡೆಯುತ್ತದೆ. ನೆತ್ತಿಯದು ಮೇಲಕ್ಕೆ ಏಳುತ್ತದೆ, ಅಲ್ಲಿ ಭಾರವೇ ಬೇಕು. 40 ಸೆಂ.ಮೀ. ಉದ್ದ, ಅಗಲ, ಎತ್ತರದ ಕಾಂಕ್ರೀಟು ದಿಮ್ಮಿಗೆ 150 ಕೆ.ಜಿ. ಚಿಲ್ಲರೆ ತೂಕ, ನಿಮ್ಮ 45ಕ್ಕೆ ಧಾರಾಳ. ಕಾಂಕ್ರೀಟಿಗೂ ಎಲ್ಬೋಗೂ ನಡುವೆ ಹಳೇ ಟ್ಯೂಬಿನ ರಬ್ಬರ್ ಸುತ್ತಿ, ಜಾಯಿಂಟಿನ ಅಂಚು ಹೊರಗೆ ಕಾಣುವಂತೆ ಬಿಡಿ. ಪೂರ್ತಿ ಮುಚ್ಚಿದರೆ ಸೋರಿಕೆ ಹುಡುಕಲು ಸುತ್ತಿಗೆ ಬೇಕಾಗುತ್ತದೆ.

ಪೈಪು ಬಯಲಿನಲ್ಲಿ ಬಿದ್ದುಕೊಂಡಿದೆಯೋ ಹೂತಿದೆಯೋ ಹೇಳಿಲ್ಲ. ಪಿ.ವಿ.ಸಿ. ಮೀಟರಿಗೆ, ಡಿಗ್ರಿಗೆ 0.07 ಎಂ.ಎಂ. ಹಿಗ್ಗುತ್ತದೆ. 180 ಮೀಟರ್ ಪೈಪು ಖಾಲಿಯಿದ್ದು ಬಿಸಿಲಿಗೆ 15 ಡಿಗ್ರಿ ಏರಿದರೆ 19 ಸೆಂ.ಮೀ. ಉದ್ದವಾಗುತ್ತದೆ, ಅಷ್ಟೂ ಹೋಗಿ ಒತ್ತುವುದು ಎಲ್ಬೋವನ್ನೇ. ಮೊಳ ಆಳಕ್ಕಾದರೂ ಹೂತುಹಾಕಿ, ಆಗದಿದ್ದರೆ ಹಾವಿನ ಹಾಗೆ ಸ್ವಲ್ಪ ಡೊಂಕಾಗಿ ಮಲಗಿಸಿ.

ಎಲ್ಬೋ ಜಾಸ್ತಿಯಾದರೆ ನೀರು ಕಡಿಮೆಯಾಗುತ್ತದೆ ಎಂಬ ಚಿಂತೆ ಬೇಡ. 63ರ ಒಂದು 90 ಎಲ್ಬೋ ಪೌಣೆರಡು ಮೀಟರ್ ಪೈಪಿಗೆ ಸಮ. ನಾಲ್ಕಾದರೂ ಏಳೇ ಮೀಟರ್.


ಅಬ್ಬಿನೀರು, ಶಿರಸಿ

ಬಯಲಿನಲ್ಲೇ ಇದೆ, ಮತ್ತೆ ಹೌದು, ಬಾಲ್ ವಾಲ್ವೇ. ಬಕೆಟ್ಟು ಮೂರು ಸೆಕೆಂಡಿಗೆ ತುಂಬಿತು. ಈಗ ಜಡಿಮಳೆ, ಗಮ್ ಹಿಡಿಯುತ್ತದೆಯೇ? ನೆತ್ತಿಯಲ್ಲಿ ಆಗಾಗ ನೀರು ಕಟ್ಟಿ ಗುಡುಗುಡು ಎನ್ನುವುದಕ್ಕೂ ಎಲ್ಬೋಗೂ ಸಂಬಂಧ ಇದೆಯೇ?


ಹಳೇ ಪಾನಾ, ಶಿರಸಿ

ಗುಡುಗುಡು ಎನ್ನುವುದು ಗಾಳಿ. ನೆತ್ತಿಗೆ ಬರುವ ಮೊದಲು ಪೈಪು ಸ್ವಲ್ಪ ಏರಿದ್ದರೆ ಅಲ್ಲಿ ಗಾಳಿ ಸಿಕ್ಕಿಬೀಳುತ್ತದೆ. ತಿರುವಿನ ಎಲ್ಬೋಗಿಂತ ಮುಂಚೆ, ಅತಿ ಎತ್ತರದ ಜಾಗದಲ್ಲಿ 63 × 25ರ ಟೀ (ಮೂರು ಬಾಯಿಯ ತುಂಡು) ಹಾಕಿ, ಕವಲು ಮೇಲ್ಮುಖ ಮಾಡಿ ಸಣ್ಣ ವಾಲ್ವ್ ಕೂರಿಸಿ. ನೀರು ಬಿಡುವಾಗ ತೆರೆದು, ಗಾಳಿ ಹೋಗಿ ನೀರು ಚಿಮ್ಮಿದ ಮೇಲೆ ಮುಚ್ಚಿ. ಹಾಗೆಯೇ ಬುಡದಲ್ಲಿ, ಎರಡು 45 ಮುಗಿದ ಮೇಲೆ ಒಂದು ಟೀ ಹಾಕಿ ಕೆಳಬದಿಗೆ ವಾಲ್ವ್ ಇಟ್ಟರೆ ರಾಡಿ, ಕೊಳೆತ ಎಲೆ ತೆಗೆಯಲು ಪೈಪು ಕೊಯ್ಯಬೇಕಾಗುವುದಿಲ್ಲ.

ಮಳೆಯಲ್ಲಿ ಗಮ್ ಹಿಡಿಯುತ್ತದೆ, ಪೈಪು ಒಣಗಿದ್ದರೆ. ಕಷ್ಟ ಇರುವುದು ಮೇಲಿನಿಂದ ಜಿನುಗುವ ನೀರಿನದು. ಟಾಂಕಿಯ ಬಾಯಿ ಮುಚ್ಚಿ, ಪೈಪು ಖಾಲಿ ಮಾಡಿ, ಆಮೇಲೂ ಹನಿ ಬರುತ್ತಿದ್ದರೆ ಕೊಯ್ದ ಬಾಯಿಯೊಳಗೆ ಅನ್ನದ ಮುದ್ದೆಯೋ ಬ್ರೆಡ್ಡೋ ತುರುಕಿ. ನೀರು ಬಿಟ್ಟಾಗ ಕರಗಿ ಹೋಗುತ್ತದೆ. ಬಟ್ಟೆ ತುರುಕಬೇಡಿ. ಮೇಲೆ ತಾಡಪಾಲು ಕಟ್ಟಿಕೊಂಡು, ಪೈಪನ್ನೂ ಸಾಕೆಟ್ಟನ್ನೂ ಒಣಬಟ್ಟೆಯಲ್ಲಿ ಒರೆಸಿ, ಪಾಲಿಶ್ ಪೇಪರಿನಿಂದ ಹೊಳಪು ಹೋಗುವಷ್ಟೇ ತಿಕ್ಕಿ, ತುದಿಯ ಅಂಚನ್ನು ಅರದಿಂದ ಓರೆ ಮಾಡಿ. ಅಂಚು ಚೂಪಾಗಿದ್ದರೆ ಗಮ್ಮನ್ನೆಲ್ಲ ಮುಂದಕ್ಕೆ ಕೆರೆದುಕೊಂಡು ಹೋಗುತ್ತದೆ. 37 ಎಂ.ಎಂ.ಗೆ ಗುರುತು ಹಾಕಿ, ಸಾಕೆಟ್ಟಿಗೆ ತೆಳ್ಳಗೆ, ಪೈಪಿಗೆ ಧಾರಾಳವಾಗಿ ಗಮ್ ಹಚ್ಚಿ, ಕಾಲು ಸುತ್ತು ತಿರುಗಿಸುತ್ತಾ ಗುರುತಿನವರೆಗೆ ತಳ್ಳಿ, ಮಾರ್ಕರಿನ ಗೆರೆ ಕೂಡಿದಲ್ಲಿ ನಿಲ್ಲಿಸಿ. ಅರ್ಧ ನಿಮಿಷ ಬಿಗಿಯಾಗಿ ಹಿಡಿದುಕೊಳ್ಳಿ. ಕೂಡಲೇ ಬಿಟ್ಟರೆ ಪೈಪು ತಾನಾಗಿ ಹಿಂದಕ್ಕೆ ಜಾರುತ್ತದೆ. ಡಬ್ಬಿಯಲ್ಲಿ ಗಮ್ ಲೋಳೆಯಾಗಿದ್ದರೆ ಎಸೆಯಿರಿ, ಥಿನ್ನರ್ ಬೆರೆಸಬೇಡಿ. ಬಿಸಿಲಿನ ದಿನವಾದರೆ 24 ಗಂಟೆ, ಈಗಿನ ತಂಡಿಗೆ ಎರಡು ದಿನ ಬಿಟ್ಟು ನೀರು ಬಿಡಿ. ಮೊದಲ ಸಲ ಕೆಳಗಿನ ವಾಲ್ವ್ ತೆರೆದಿಟ್ಟೇ ತುಂಬಿಸಿ.